ಸ್ಲಾತ್‌ನ ರೋಮದಲ್ಲಿ ಬದುಕುವ ಪತಂಗ

ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಕ್ರಿಪ್ಟೋಸಿಸ್ ಕೊಲೋಯೆಪಿ ಎಂಬ ಸಣ್ಣ ಪತಂಗವಿದೆ. 1908ರಲ್ಲಿ ಡೈಯರ್ ಎಂಬ ಕೀಟವಿಜ್ಞಾನಿ ಇದಕ್ಕೆ ಹೆಸರಿಟ್ಟರು. ಪ್ರೌಢ ಪತಂಗದ ವಾಸ, ಮರಗಳ ಮೇಲೆ ಬದುಕುವ ನಿಧಾನಗತಿಯ ಸಸ್ತನಿಯಾದ ಸ್ಲಾತ್‌ನ ದಟ್ಟ ರೋಮದೊಳಗೆ. ಆದ್ದರಿಂದ ಅದರ ಮರಿಹುಳುಗಳೂ ಅಲ್ಲಿಯೇ ಬೆಳೆಯುತ್ತಿರಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಪನಾಮಾದಲ್ಲಿ ಅಧ್ಯಯನ ನಡೆಸಿದ ವಾಗೆ ಮತ್ತು ಮಾಂಟ್ಗೊಮರಿ 1976ರಲ್ಲಿ ಪ್ರಕಟಿಸಿದ ಲೇಖನವು ಈ ಊಹೆಯನ್ನು ತಳ್ಳಿಹಾಕಿತು.

ಮೂರು ಬೆರಳಿನ ಸ್ಲಾತ್ ಸುಮಾರು ವಾರಕ್ಕೊಮ್ಮೆ ಮಾತ್ರ ಮಲವಿಸರ್ಜನೆಗಾಗಿ ಮರದಿಂದ ಇಳಿಯುತ್ತದೆ. ಬುಡದಲ್ಲಿ ತನ್ನ ಮೋಟು ಬಾಲದಿಂದ ಚಿಕ್ಕ ಗುಳಿ ಮಾಡಿ, ಹಿಕ್ಕೆ ಹಾಕಿ, ತರಗೆಲೆಗಳಿಂದ ಮುಚ್ಚಿ, ಮತ್ತೆ ನಿಧಾನವಾಗಿ ಮೇಲೇರುತ್ತದೆ. ಈ ಅಲ್ಪಾವಧಿಯಲ್ಲಿಯೇ ಹೆಣ್ಣು ಪತಂಗ ರೋಮದಿಂದ ಹೊರಬಂದು ತಾಜಾ ಹಿಕ್ಕೆಯ ಮೇಲೆ ಮೊಟ್ಟೆಯಿಡುತ್ತದೆ. ನನಗೆ ಹೆಚ್ಚು ಅಚ್ಚರಿಯೆನಿಸುವುದು ಇದೇ: ಒಂದು ಕೀಟದ ಮುಂದಿನ ಪೀಳಿಗೆಯೆಲ್ಲ ಇನ್ನೊಂದು ಪ್ರಾಣಿಯ ಅಪರೂಪದ ಅಭ್ಯಾಸವನ್ನು ನೆಚ್ಚಿಕೊಂಡಿದೆ.

ಮೊಟ್ಟೆಯೊಡೆದ ಮರಿಹುಳುವಿಗೆ ಆ ಹಿಕ್ಕೆಯೇ ಆಹಾರ, ಅದೇ ಮನೆ. ಅದು ರೇಷ್ಮೆಯಂಥ ಎಳೆ ನೂತು ಹಿಕ್ಕೆಯ ಉಂಡೆಗಳನ್ನು ಒಂದಕ್ಕೊಂದು ಹೆಣೆಯುತ್ತದೆ, ಆ ಹೆಣಿಗೆಯ ಮರೆಯಲ್ಲಿ ಉಳಿದು ಮೇಯುತ್ತದೆ. ಕೋಶಾವಸ್ಥೆಯನ್ನೂ ಅಲ್ಲಿಯೇ ಕಳೆಯುತ್ತದೆ. ಹೊರಬಂದ ಪತಂಗ ಮರಗಳ ಮೇಲ್ಚಾವಣಿಗೆ ಹಾರಿ, ಅಲ್ಲಿ ಸ್ಲಾತ್ ಒಂದನ್ನು ಹುಡುಕಿ ಸೇರಿಕೊಳ್ಳುತ್ತದೆ. ಜೋಡಿಯಾಗುವುದೂ ಆ ರೋಮದಲ್ಲೇ.

2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪತಂಗಗಳು ಹೆಚ್ಚಿರುವ ಸ್ಲಾತ್‌ಗಳ ರೋಮದಲ್ಲಿ ಸಾರಜನಕವೂ ಹಸಿರು ಪಾಚಿಯೂ ಹೆಚ್ಚಿರುವುದನ್ನು ಗುರುತಿಸಿತು. ಸ್ಲಾತ್ ಆ ಪಾಚಿಯನ್ನು ತಿನ್ನುವುದರಿಂದ, ನೆಲಕ್ಕಿಳಿಯುವ ಅಪಾಯಕ್ಕೆ ಪತಂಗಗಳಿಂದ ಹೆಚ್ಚುವ ಆ ಆಹಾರವೇ ಪ್ರತಿಫಲವಿರಬಹುದು ಎಂಬ ವಾದವನ್ನು ಅದು ಮುಂದಿಟ್ಟಿತು. ಈ ವಾದ ಆಕರ್ಷಕವಾದರೂ ಇನ್ನೂ ಪೂರ್ಣವಾಗಿ ಒಪ್ಪಿತವಾಗಿಲ್ಲ. ಹಿಕ್ಕೆಯ ವಾಸನೆಯಿಂದ ಇತರ ಸ್ಲಾತ್‌ಗಳಿಗೆ ಸಂದೇಶ ತಲುಪಿಸುವುದೂ ನೆಲಕ್ಕಿಳಿಯಲು ಕಾರಣವಾಗಿರಬಹುದೆಂಬ ಊಹೆಯಿದೆ. ಪತಂಗದ ಮಟ್ಟಿಗಂತೂ ಕಾರಣ ಯಾವುದಾದರೂ ಸರಿಯೇ, ಸ್ಲಾತ್ ಇಳಿಯುತ್ತಿರಬೇಕು ಅಷ್ಟೆ. ಅದು ಮರದ ಮೇಲಿಂದಲೇ ಹಿಕ್ಕೆ ಉದುರಿಸಿದ್ದರೆ, ಉಂಡೆಗಳು ಚದುರಿ, ಮೊಟ್ಟೆಯಿಡಲು ಒಂದೆಡೆ ಗುಡ್ಡೆಯಾದ ಜಾಗ ಈ ಪತಂಗಕ್ಕೆ ಸಿಗುತ್ತಿರಲಿಲ್ಲ.