ಓಕ್ಲೆಂಡ್‌ನ ಬಿಳಿ ಮನೆ ಮತ್ತು ಹಾರುವ ಗುಂಡು

ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ಬಂದರೆ ಚಿಕ್ಕ ಥಿಯೇಟರ್‌ಗಳಲ್ಲಿ ಹಳೇ ಹಾರರ್ ಚಿತ್ರಗಳು ಮತ್ತೆ ಓಡುತ್ತವೆ. ಇಲ್ಲಿಗೆ ಬಂದ ಮೇಲೆ ಹಾಗೆ ನೋಡಿದ್ದರಲ್ಲಿ ನನ್ನನ್ನು ಬಿಡದೆ ಹಿಡಿದಿದ್ದು 1979ರ 'ಫ್ಯಾಂಟಾಸಮ್'.

ಡಾನ್ ಕಾಸ್ಕರೆಲಿ ಇದನ್ನು ಮಾಡಿದಾಗ ಇನ್ನೂ ಇಪ್ಪತ್ತರ ಹರೆಯ. ಕಥೆ, ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್ ಎಲ್ಲಾ ಅವರದೇ. ದುಡ್ಡಿಗೆ ಅಪ್ಪ, ವೇಷಭೂಷಣಕ್ಕೆ ಅಮ್ಮ. ಬಜೆಟ್ ಸುಮಾರು 3 ಲಕ್ಷ ಡಾಲರ್ ಅಷ್ಟೇ. ಶುಕ್ರವಾರ ಬಾಡಿಗೆಗೆ ಕ್ಯಾಮೆರಾ ತಂದು ಸೋಮವಾರ ವಾಪಸ್ ಕೊಟ್ಟರೆ ಒಂದೇ ದಿನದ ಬಾಡಿಗೆ. ಹಾಗಾಗಿ ವಾರಾಂತ್ಯದಲ್ಲೇ ಶೂಟಿಂಗ್.

ಚಿತ್ರದಲ್ಲಿ ಎಲ್ಲರಿಗೂ ನೆನಪಿರೋದು ಚೆಂಡಿನಂಥ ಆ ಹಾರುವ ಗುಂಡು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಕನ್ನಡಿಯಂಥ ಹೊಳಪು. ಶವಾಗಾರದ ಅಮೃತಶಿಲೆಯ ಉದ್ದನೆ ಹಜಾರದಲ್ಲಿ ಸುಯ್ಯನೆ ತೇಲಿ ಬರುತ್ತದೆ. ಹತ್ತಿರ ಬಂದಾಗ ಎರಡು ಅಲಗು ಹೊರಬಂದು ಹಣೆಗೆ ಕಚ್ಚಿಕೊಳ್ಳುತ್ತವೆ, ಆಮೇಲೆ ಡ್ರಿಲ್ ತಿರುಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಅಷ್ಟಾಗಿ ಬಳಕೆಗೆ ಬಾರದ ಕಾಲ. ಕೆಲವು ಶಾಟ್‌ಗಳಿಗೆ ಕ್ಯಾಮೆರಾ ಹಿಂದಿನಿಂದ ಗುಂಡು ಎಸೆದು, ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರು. ಇವತ್ತಿಗೂ ಆ ದೃಶ್ಯಕ್ಕೆ ಮೈ ಬಿಗಿಯಾಗುತ್ತದೆ.

ಆದರೆ ಬರೀ ಗುಂಡಿಗಾಗಿ ಯಾರೂ ಇಷ್ಟು ವರ್ಷ ಒಂದು ಚಿತ್ರವನ್ನು ಪ್ರೀತಿಸುವುದಿಲ್ಲ, ಅಲ್ವಾ? ಅಪ್ಪ ಅಮ್ಮನನ್ನು ಕಳೆದುಕೊಂಡ ಮೈಕ್ ಅನ್ನೋ ಹುಡುಗನಿಗೆ ಉಳಿದಿರುವುದು ಜೋಡಿ ಅನ್ನೋ ಹೆಸರಿನ ಅಣ್ಣ ಒಬ್ಬನೇ. ಅಣ್ಣನೂ ಬಿಟ್ಟು ಹೋಗ್ತಾನೇನೋ ಅನ್ನೋ ಭಯಕ್ಕೆ ಅವನ ಹಿಂದೆಹಿಂದೆಯೇ ಓಡುತ್ತಾನೆ. ಚಿತ್ರದ ಖಳನಾಯಕ, ಹೆಣ ಕದಿಯುವ ಎತ್ತರದ ಮನುಷ್ಯ ಎದುರಾಗುವುದು ಇದರ ನಡುವೆ. ಮನೆಯವರಿಂದ ದೂರ ಇರುವ ನಮ್ಮಂಥವರಿಗೆ ಹುಡುಗನ ಭಯವೇ ಜಾಸ್ತಿ ತಟ್ಟುತ್ತದೆ.

ಇನ್ನೊಂದು ಕಾರಣ ಆ ಮುಖಗಳು. ಈ ಸರಣಿಯಲ್ಲಿ 2016ರವರೆಗೆ ಒಟ್ಟು ಐದು ಚಿತ್ರ ಬಂದವು. ಎರಡನೆಯದರಲ್ಲಿ ಮಾತ್ರ ಮೈಕ್ ಪಾತ್ರಕ್ಕೆ ಬೇರೆ ನಟ. ಉಳಿದಂತೆ ಮುಖ್ಯ ನಟರು ಅವರೇ, ನಮ್ಮ ಕಣ್ಣೆದುರೇ ವಯಸ್ಸಾದರು. 1998ರ ನಾಲ್ಕನೆಯದರಲ್ಲಿ ಮೊದಲ ಚಿತ್ರದಲ್ಲಿ ಬಳಸದೆ ಉಳಿದಿದ್ದ ರೀಲ್ ಸೇರಿಸಿದ್ದಾರೆ. ಹುಡುಗ ಮೈಕ್, ದೊಡ್ಡವನಾದ ಮೈಕ್, ಇಬ್ಬರೂ ಮೇಕಪ್ಪಿನ ಹಂಗಿಲ್ಲದೆ ಒಂದೇ ಸಿನಿಮಾದಲ್ಲಿ! ದುಡ್ಡಿಲ್ಲದವರ ಉಪಾಯ ಇದು, ನನಗೆ ಇಡೀ ಸರಣಿಯಲ್ಲೇ ಅತಿ ಚಂದ ಕಂಡಿದ್ದೂ ಇದೇ. ಎತ್ತರದ ಮನುಷ್ಯನಾಗಿ ನಟಿಸಿದ ಆಂಗಸ್ ಸ್ಕ್ರಿಮ್ 2016ರ ಜನವರಿಯಲ್ಲಿ ತೀರಿಕೊಂಡರು. ಕೊನೆಯ ಚಿತ್ರ ತೆರೆಗೆ ಬಂದಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಮೊದಲ ಚಿತ್ರದಲ್ಲಿ ಶವಾಗಾರವಾಗಿ ಹೊರಗಿನಿಂದ ಕಾಣುವುದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಡನ್ಸ್‌ಮ್ಯೂರ್ ಹೌಸ್. 1899ರ ಬಿಳಿ ಕಂಬಗಳ ಮನೆ, ಅಲ್ಲಿ ಮದುವೆಗಳೂ ನಡೆದಿವೆ. ಈ ಕಡೆ ಬಂದರೆ ಹೋಗಿ ನೋಡಿ. ಅದಕ್ಕೂ ಮೊದಲು 2016ರಲ್ಲಿ ಹಾಲಿವುಡ್ ನಿರ್ದೇಶಕ ಜೆ.ಜೆ. ಏಬ್ರಮ್ಸ್ ಅವರ ಬ್ಯಾಡ್ ರೋಬಾಟ್ ಸಂಸ್ಥೆ ಹೊಸದಾಗಿ ಸಿದ್ಧಪಡಿಸಿದ 4ಕೆ ಪ್ರತಿ ಹುಡುಕಿ, ದೀಪ ಆರಿಸಿ ನೋಡಿ. ನಾಲ್ಕನೆಯದನ್ನಂತೂ ತಪ್ಪಿಸಬೇಡಿ.