ಬೂದು ಪದರದ ಕೆಳಗಿನ ಮರ: ಡೆಕ್ ಶುದ್ಧೀಕರಣದ ಕಲಿಕೆ, ಈವರೆಗೆ

ಮನೆಗಳ ಹೊರಾಂಗಣದಲ್ಲಿರುವ ಮರದ ಡೆಕ್‌ಗಳನ್ನು, ಅಂದರೆ ಹಲಗೆ ಹಾಸಿದ ಜಗಲಿಗಳನ್ನು, ತೊಳೆದು ಸುಸ್ಥಿತಿಗೆ ತರುವ ಕೆಲಸವನ್ನು ಕಸುಬಾಗಿ ಕಲಿಯಲು ಹೊರಟವರ ಕಣ್ಣು ಮೊದಲು ಹೋಗುವುದು ರಭಸದಿಂದ ನೀರು ಚಿಮ್ಮಿಸುವ ಪ್ರೆಷರ್ ವಾಷರ್ ಮೇಲೆ. ನನ್ನದೂ ಹಾಗೆಯೇ ಹೋಗಿತ್ತು. ಕಲಿಕೆ ಒಂದು ಹದಕ್ಕೆ ಬಂದಿರುವ ಈ ಹೊತ್ತಿನಲ್ಲಿ, ಆ ಯಂತ್ರದ ಪಾಲು ಎಷ್ಟು ಸಣ್ಣದೆಂಬುದು ತಿಳಿಯುತ್ತಿದೆ. ಹಲಗೆಯ ಮೇಲೆ ಕೂತಿರುವುದು ಏನೆಂದು ಗುರುತಿಸುವುದಕ್ಕೆ, ಅದಕ್ಕೆ ತಕ್ಕ ರಾಸಾಯನಿಕವನ್ನು ಆರಿಸುವುದಕ್ಕೆ, ಅದು ತನ್ನ ಕೆಲಸ ಮುಗಿಸುವವರೆಗೆ ಕಾಯುವುದಕ್ಕೆ ಸಮಯದ ಬಹುಪಾಲು ಹೋಗುತ್ತದೆ.

ಬಿಸಿಲುಮಳೆಗೆ ಒಡ್ಡಿಕೊಂಡ ಮರದ ಬೂದು ಬಣ್ಣವನ್ನು ಕೊಳೆ ಎಂದು ತಿಳಿಯುವವರೇ ಹೆಚ್ಚು. ಆದರೆ ಅದು ಬಹುಮಟ್ಟಿಗೆ ಮರದ್ದೇ ಸವೆದ ಮೇಲ್ಪದರ. ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಲಿಗ್ನಿನ್ ಅನ್ನು ಬಿಸಿಲಿನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಒಡೆದ ಲಿಗ್ನಿನ್ ಮಳೆನೀರಿನಲ್ಲಿ ಕೊಚ್ಚಿಹೋಗಿ, ಬಿಳಿಚಿದ ಸೆಲ್ಯುಲೋಸ್ ನಾರುಗಳು ಮಾತ್ರ ಮೇಲೆ ಉಳಿಯುತ್ತವೆ. ಅವುಗಳ ನಡುವೆ ಬೂಷ್ಟು ನೆಲೆಯೂರಿದಾಗ ಬೂದು ಕಪ್ಪಿಗೆ ತಿರುಗುತ್ತದೆ. ಈ ಪದರದ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಅದರ ಕೆಳಗೆ ಮೂಲ ಬಣ್ಣದ ಗಟ್ಟಿ ಮರ ಹಾಗೆಯೇ ಇರುತ್ತದೆ.

ಕಪ್ಪು ಕಲೆಗಳ ವಿಷಯದಲ್ಲಿ ಊಹೆಗಿಂತ ಪರೀಕ್ಷೆ ಮೇಲು. ಮನೆಬಳಕೆಯ ಕ್ಲೋರಿನ್ ಬ್ಲೀಚಿನ ಒಂದು ಹನಿಯನ್ನು ಕಲೆಯ ಮೇಲೆ ಬಿಟ್ಟಾಗ ಒಂದೆರಡು ನಿಮಿಷದಲ್ಲಿ ಬಣ್ಣ ಬಿಟ್ಟರೆ ಅದು ಬೂಷ್ಟು. ಕದಲದಿದ್ದರೆ ಮಣ್ಣುಧೂಳೋ, ಕಬ್ಬಿಣದ ಕಲೆಯೋ ಇರಬೇಕು. ಸೀಡರ್, ರೆಡ್‌ವುಡ್, ಓಕ್‌ನಂಥ ಮರಗಳಲ್ಲಿ ಮೊಳೆಯ ಸುತ್ತ ಕಾಣುವ ನೀಲಿಗಪ್ಪು ವರ್ತುಲ, ಮರದಲ್ಲೇ ಇರುವ ಟ್ಯಾನಿನ್ ಎಂಬ ಒಗರು ವಸ್ತು ಮತ್ತು ಮೊಳೆಯ ಕಬ್ಬಿಣ ಕೂಡಿ ಹುಟ್ಟಿದ್ದು. ಅದನ್ನು ಎಷ್ಟು ಉಜ್ಜಿದರೂ ಫಲವಿಲ್ಲ. ಬ್ಲೀಚನ್ನು ನಾನು ಈ ಪರೀಕ್ಷೆಗಷ್ಟೇ ಇಟ್ಟುಕೊಂಡಿದ್ದೇನೆ: ಅದು ಬೂಷ್ಟನ್ನು ಕೊಲ್ಲುತ್ತದೆ, ನಿಜ, ಆದರೆ ಬಲವಾಗಿ ಬಳಸಿದರೆ ಲಿಗ್ನಿನ್ ಮೇಲೂ ಕೈಮಾಡಿ ನಾರನ್ನು ಬಡಕಲು ಮಾಡುತ್ತದೆ.

ಸಾಮಾನ್ಯ ಶುದ್ಧೀಕರಣಕ್ಕೆ ನೆಚ್ಚಿಕೊಂಡಿರುವುದು ಸೋಡಿಯಂ ಪರ್ಕಾರ್ಬೊನೇಟ್. ಈ ಬಿಳಿ ಪುಡಿ ಬೆಚ್ಚಗಿನ ನೀರಿನಲ್ಲಿ ಕರಗಿದಾಗ ಹೈಡ್ರೊಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬಿಡಿಸಿಕೊಳ್ಳುತ್ತದೆ. ದ್ರಾವಣದ ಪಿಎಚ್ 10.5ರ ಆಸುಪಾಸಿನಲ್ಲಿರುತ್ತದೆ, ಅಂದರೆ ಅದು ಕ್ಷಾರ. ಮೊದಲೇ ನೀರು ಚಿಮುಕಿಸಿದ ಹಲಗೆಗೆ ಇದನ್ನು ಹಚ್ಚಿದ ತುಸು ಹೊತ್ತಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಮೊದಲು ಬಿಳಿಯಾಗಿದ್ದ ನೊರೆ ಕ್ರಮೇಣ ಕಂದು ಬಣ್ಣಕ್ಕೆ ತಿರುಗಿ ಹಲಗೆಗಳ ಸಂದಿನಲ್ಲಿ ಇಳಿಯತೊಡಗುತ್ತದೆ. 10ರಿಂದ 15 ನಿಮಿಷ ಬಿಟ್ಟು, ನೈಲಾನ್ ಬ್ರಷ್ಷಿನಿಂದ ಎಳೆಯ ಉದ್ದಕ್ಕೆ ಉಜ್ಜಿದರೆ ಸತ್ತ ನಾರು ಕೆಸರಿನಂತೆ ಬಿಟ್ಟುಬರುತ್ತದೆ. ಅಷ್ಟರವರೆಗೆ ಹಲಗೆ ಒಣಗಬಾರದು, ಆದ್ದರಿಂದ ನಡುಹಗಲಿನ ಬಿಸಿಲಲ್ಲಿ ಈ ಕೆಲಸಕ್ಕೆ ಇಳಿಯುವುದಿಲ್ಲ. ಕಲಸಿದ ದ್ರಾವಣದ ಬಲ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಬಿಡುಗಡೆಯಾಗುವ ಆಮ್ಲಜನಕ ಡಬ್ಬಿಯನ್ನೇ ಒಡೆದೀತು. ಹಳೆಯ ಎಣ್ಣೆ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣದ ಎಣ್ಣೆಲೇಪ) ಗಟ್ಟಿಯಾಗಿ ಕೂತಿರುವ ಕಡೆ ಮಾತ್ರ ಅದನ್ನು ಬಿಡಿಸುವ, ಕಾಸ್ಟಿಕ್ ಸೋಡಾ ಇರುವ ಸ್ಟ್ರಿಪ್ಪರ್ ಬೇಕಾಗುತ್ತದೆ, ಅದಕ್ಕೆ ಕೈಗವಸು ಮತ್ತು ಕಣ್ಣಿನ ರಕ್ಷಣೆ ಇಲ್ಲದೆ ಹತ್ತಿರ ಹೋಗುವಂತಿಲ್ಲ.

ಕ್ಷಾರ ತಾಗಿದ ಮರ ಕಪ್ಪಗಾಗುತ್ತದೆ. ಹೊಸಬರಿಗೆ ಗಾಬರಿ ಹುಟ್ಟಿಸುವ ಹಂತ ಇದೇ. ಇಲ್ಲಿ ಬರುವುದು ಆಕ್ಸಾಲಿಕ್ ಆಮ್ಲ: ಮರದಲ್ಲಿ ಉಳಿದ ಕ್ಷಾರವನ್ನು ಅದು ತಟಸ್ಥಗೊಳಿಸುತ್ತದೆ, ಕಬ್ಬಿಣದ ಕಲೆಯನ್ನು ನೀರಿನಲ್ಲಿ ಕರಗುವ ರೂಪಕ್ಕೆ ತಂದು ಬಿಡಿಸುತ್ತದೆ. ಮೊಳೆಯ ಸುತ್ತಲಿನ ವರ್ತುಲ ಕಣ್ಣೆದುರೇ ಅಂಚಿನಿಂದ ತೆಳುವಾಗುತ್ತಾ ಬಂದು ಹಲಗೆ ತನ್ನ ಕೆಂಗಂದು ಬಣ್ಣಕ್ಕೆ ಮರಳುವುದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ. ಆದರೆ ಈ ಆಮ್ಲ ವಿಷ. ಬ್ಲೀಚ್ ಹಾಕಿದ ಜಾಗವನ್ನು ಚೆನ್ನಾಗಿ ತೊಳೆಯದೆ ಅದರ ಮೇಲೆ ಯಾವ ಆಮ್ಲವನ್ನು ಸುರಿದರೂ ಕ್ಲೋರಿನ್ ಅನಿಲ ಏಳುತ್ತದೆ. ಸುತ್ತಲಿನ ಗಿಡಗಳಿಗೆ ಕೆಲಸಕ್ಕೆ ಮೊದಲೂ ಆಮೇಲೂ ಧಾರಾಳವಾಗಿ ನೀರು ಹಾಯಿಸಬೇಕು.

ಇಷ್ಟಾದ ಮೇಲೆ ಯಂತ್ರಕ್ಕೆ ಉಳಿಯುವುದು ಜಾಲಾಡುವ ಕೆಲಸ. ಮೆದು ಮರಕ್ಕೆ 500–600 ಪಿಎಸ್‌ಐ (ನೀರಿನ ಒತ್ತಡದ ಅಳತೆ) ಸಾಕು, ಗಟ್ಟಿ ಮರ ಅದರ ಎರಡರಷ್ಟನ್ನು ತಡೆಯುತ್ತದೆ. 40 ಡಿಗ್ರಿಯ ಬೀಸಣಿಗೆ ನಳಿಕೆಯನ್ನು ಹಲಗೆಯಿಂದ ಸುಮಾರು ಒಂದು ಅಡಿ ದೂರ ಹಿಡಿದು, ಎಳೆಯ ಉದ್ದಕ್ಕೇ, ಕೈ ನಿಲ್ಲಿಸದೆ ಸಾಗಬೇಕು. ಒತ್ತಡ ಹೆಚ್ಚಾದರೆ ಮರದ ಮೆದು ವಲಯ ಕೊರೆದುಹೋಗಿ ಗಟ್ಟಿ ಉಂಗುರಗಳು ಏಣುಗಳಾಗಿ ಎದ್ದು ನಿಲ್ಲುತ್ತವೆ, ನಾರು ಜುಂಗುಜುಂಗಾಗುತ್ತದೆ. ಹೆಚ್ಚು ಒತ್ತಡದ ಯಂತ್ರವನ್ನು ಹೊಗಳುವ ಜಾಹೀರಾತುಗಳು ಮರವನ್ನು ಕಾಂಕ್ರೀಟು ಎಂದು ಭಾವಿಸಿದಂತಿವೆ.

ಎದ್ದ ನಾರನ್ನು ಇಳಿಸಲು 60ರಿಂದ 80ರ ಗ್ರಿಟ್‌ನ (ತರಿಯ ಅಳತೆ) ಉಪ್ಪುಕಾಗದ ಸರಿಹೋಗುತ್ತದೆ. ಅದಕ್ಕಿಂತ ನುಣುಪಾಗಿಸಿದರೆ ಮೇಲ್ಮೈ ಮುಚ್ಚಿಕೊಂಡು ಎಣ್ಣೆ ಒಳಗಿಳಿಯುವುದಿಲ್ಲ. ಉಜ್ಜುವ ಮೊದಲು ಮರದ ಹಿನ್ನೆಲೆ ವಿಚಾರಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಸೇರಿದ ಸಂರಕ್ಷಕವನ್ನು ಹೊತ್ತ ಹಳೆಯ ಹಲಗೆಗಳು ಇನ್ನೂ ಬಳಕೆಯಲ್ಲಿವೆ. ಅಮೆರಿಕದಲ್ಲಿ ವಾಸದ ಮನೆಗಳಿಗಾಗಿ ಅದನ್ನು ಬಳಸಿ ಮರ ಸಿದ್ಧಪಡಿಸುವುದು 2003ರ ಕೊನೆಗೆ ನಿಂತಿತು. ಅಂಥ ಮರದ ಧೂಳು ಅಪಾಯಕಾರಿ. ಬ್ಲೀಚ್ ಮತ್ತು ಪರ್ಕಾರ್ಬೊನೇಟ್‌ನಂಥ ಉತ್ಕರ್ಷಕಗಳು ಅದರಲ್ಲಿರುವ ಕ್ರೋಮಿಯಂ ಅನ್ನು ಹೆಚ್ಚು ವಿಷಕಾರಿ ರೂಪಕ್ಕೆ ತಿರುಗಿಸಬಲ್ಲವು, ಆದ್ದರಿಂದ ಆ ಕೆಲಸವನ್ನು ಸದ್ಯಕ್ಕೆ ಒಪ್ಪಿಕೊಳ್ಳುವುದಿಲ್ಲ. ಕೊಳೆತ ಹಲಗೆಯನ್ನು ಪತ್ತೆ ಮಾಡುವುದು ಸುಲಭ: ದಬ್ಬಳ ಸಲೀಸಾಗಿ ಇಳಿದರೆ ಹಲಗೆ ಬದಲಿಸಬೇಕು, ಅಷ್ಟೇ.

ಎಣ್ಣೆ ಸ್ಟೇನ್ ಹಚ್ಚುವ ಮೊದಲು ತೇವಮಾಪಕ ಶೇ 15ಕ್ಕಿಂತ ಕಡಿಮೆ ತೋರಿಸಬೇಕು, ಹಲಗೆಯ ಮೇಲೆ ಬಿಟ್ಟ ನೀರಿನ ಹನಿ ಬೇಗ ಇಂಗಬೇಕು. ಹಚ್ಚಿ 15–20 ನಿಮಿಷದ ಬಳಿಕ ಹೀರದೆ ಉಳಿದದ್ದನ್ನು ಒರೆಸಿ ತೆಗೆಯದಿದ್ದರೆ ಅದು ಅಂಟಾಗಿಯೇ ಉಳಿಯುತ್ತದೆ. ಹಲಗೆಯ ತುದಿಗಳು ಮೇಲ್ಮೈಗಿಂತ ಎಷ್ಟೋ ಹೆಚ್ಚು ಕುಡಿಯುತ್ತವೆ, ಅಲ್ಲಿಗೆ ಕೈಬಿಚ್ಚಿ ಹಚ್ಚುತ್ತೇನೆ. ಅಗಸೆ ಎಣ್ಣೆಯಂಥವು ಒಣಗುವಾಗ ಶಾಖ ಹುಟ್ಟುವುದರಿಂದ, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿಟ್ಟರೆ ತಾವೇ ಹೊತ್ತಿಕೊಳ್ಳಬಹುದು. ಅವನ್ನು ಬಿಡಿಸಿ ಹರವುವುದು ಅಥವಾ ನೀರಿನಲ್ಲಿ ಮುಳುಗಿಸಿಡುವುದು ಕಡ್ಡಾಯ.

ಈವರೆಗೆ ಕೈ ಪಳಗಿರುವುದು ಮಲಗಿದ ಹಲಗೆಗಳ ಮೇಲೆ. ಇನ್ನು ಕಟಾಂಜನದ ಕಂಬಗಳು. ನಿಂತ ಮರದ ಮೇಲೆ ದ್ರಾವಣ ಜಾರಿ ಪಟ್ಟೆ ಮೂಡುವುದರಿಂದ ಕೆಳಗಿನಿಂದ ಮೇಲಕ್ಕೆ ಹಚ್ಚಿ, ಮೇಲಿನಿಂದ ಕೆಳಕ್ಕೆ ತೊಳೆಯಬೇಕಾಗುತ್ತದೆ. ಇಡೀ ಡೆಕ್‌ನ ಕೆಲಸವಾದರೆ ನೆಲಕ್ಕಿಂತ ಮೊದಲು ಕಟಾಂಜನವನ್ನೇ ಮುಗಿಸಬೇಕು. ಅದಕ್ಕಾಗಿ ಸಣ್ಣ ಬ್ರಷ್ಷುಗಳನ್ನೂ ಪಂಪ್ ಸ್ಪ್ರೇಯರ್ ಒಂದನ್ನೂ ಹೊಂದಿಸಿಕೊಳ್ಳುತ್ತಿದ್ದೇನೆ.