ಹಳೇ ಟ್ರಕ್ಕಿನ ಬಾಗಿಲಿನ ಗಾಜು ಯಾಕೆ ಗಡಗಡ ಅನ್ನಲ್ಲ?

ನನ್ನ 1952ರ ಶೆವ್ರೊಲೆ ಪಿಕಪ್‌ನಲ್ಲಿ ಪಕ್ಕಕ್ಕೆ ಕೂತವರೆಲ್ಲ ಇದೊಂದನ್ನು ಕೇಳಿಯೇ ಕೇಳುತ್ತಾರೆ. ಬಾಗಿಲು ಎಳೆದುಕೊಳ್ಳುತ್ತಾರೆ, ದಪ್ ಅಂತ ಒಂದೇ ಸದ್ದಾಗುತ್ತದೆ. "ಇಷ್ಟು ಹಳೇ ಗಾಡಿ, ಗಾಜು ಒಂಚೂರೂ ಅಲ್ಲಾಡಲ್ವಲ್ಲ, ಏನ್ ಮಾಡಿದ್ರಿ?" ಅನ್ನುತ್ತಾರೆ. ಇಲ್ಲಿ ಮಿಶಿಗನ್‌ನಲ್ಲಿ ಕನ್ನಡದವರ ಪಿಕ್‌ನಿಕ್‌ಗೆ ಟ್ರಕ್ ತಗೊಂಡು ಹೋದರೆ ಊರಿಂದ ಬಂದ ಅಪ್ಪ ಅಮ್ಮಂದಿರೂ ಹ್ಯಾಂಡಲ್ ತಿರುಗಿಸಿ ನೋಡುತ್ತಾರೆ. ಹಳೇ ಗಾಡಿ ಇಟ್ಟುಕೊಂಡ ಗೆಳೆಯರು ಅದನ್ನೇ ಬೇರೆ ಥರ ಕೇಳುತ್ತಾರೆ: "ಹೊಸ ಗಾಜು ಹಾಕಿಸಿದೀನಿ, ಆದ್ರೂ ಗಡಗಡ ಅನ್ನುತ್ತೆ. ಗಾಜು ಸರಿ ಇಲ್ವಾ?"

ಗಾಜು ಸರಿಯಾಗೇ ಇರುತ್ತದೆ. ಹತ್ತಕ್ಕೆ ಒಂಬತ್ತು ಸಲ ತೊಂದರೆ ಇರುವುದು ಅದು ಓಡಾಡುವ ದಾರಿಯಲ್ಲಿ. ಆ ದಾರಿಯನ್ನು ಮೊದಲು ಸರಿಮಾಡದೆ ಎಷ್ಟು ಒಳ್ಳೆ ಗಾಜು ತಂದು ಕೂರಿಸಿದರೂ ಉಪಯೋಗವಿಲ್ಲ. ಇದಿಷ್ಟೇ ನನ್ನ ಉತ್ತರ. ಆದರೆ ಇಷ್ಟು ಹೇಳಿ ಬಿಟ್ಟರೆ ಯಾರಿಗೂ ಪ್ರಯೋಜನವಾಗಲ್ಲ, ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಬಗ್ಗೆ ಎರಡು ಮಾತು. ಶೆವ್ರೊಲೆಯವರು 1947ರಲ್ಲಿ 'ಅಡ್ವಾನ್ಸ್ ಡಿಸೈನ್' ಅನ್ನುವ ಹೆಸರಿನಲ್ಲಿ ಈ ಟ್ರಕ್ಕುಗಳನ್ನು ಹೊರತಂದರು. 1955ರ ಶುರುವಿನವರೆಗೂ ಮಾಡಿದರು. ಅರ್ಧ ಟನ್ ಹೊರುವ ವರ್ಗದ್ದಕ್ಕೆ 3100 ಅಂತ ಹೆಸರು. ಇಲ್ಲಿಂದ ಹೆಚ್ಚು ದೂರವಿಲ್ಲದ ಫ್ಲಿಂಟ್ ಊರಿನ ಕಾರ್ಖಾನೆಯಲ್ಲೂ ಇವನ್ನು ಮಾಡುತ್ತಿದ್ದರು. 1951ರಿಂದ ಬಾಗಿಲ ಮುಂಭಾಗಕ್ಕೆ ತಿರುಗುವ ಚಿಕ್ಕ ಗಾಜು ಬಂತು. ನಮ್ಮ ಅಂಬಾಸಿಡರ್‌ನಲ್ಲಿ ಇತ್ತಲ್ಲ, ಗಾಳಿ ಮುಖಕ್ಕೆ ತಿರುಗಿಸಿಕೊಳ್ಳೋದು, ಅದೇ. ಅದಕ್ಕೂ ಮುಂಚಿನ ಬಾಗಿಲಿಗೆ ಒಂದೇ ಅಗಲವಾದ ಗಾಜು. ಆದ್ದರಿಂದ ಸಾಮಾನು ತರಿಸುವಾಗ ವರ್ಷ ನೋಡಿಕೊಳ್ಳಿ. 1950ರ ಬಾಗಿಲಿನ ಗಾಜು 1951ರದಕ್ಕೆ ಕೂರುವುದಿಲ್ಲ.

ನಾನು ಟ್ರಕ್ ಕೊಂಡಾಗ ಬಲಗಡೆಯ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಅಂಚುಗಳು ಹಾಲು ಬಿದ್ದಂತೆ ಬೆಳ್ಳಗಾಗಿದ್ದವು. ಅದಕ್ಕೆ ಕಾರಣ ಇದೆ. ಈ ಗಾಜು ಒಂದೇ ಹಾಳೆಯಲ್ಲ, ಎರಡು ತೆಳು ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು. ವರ್ಷಗಟ್ಟಲೆ ಅಂಚಿನಿಂದ ನೀರು ಹತ್ತಿದರೆ ಪದರ ಬಿಟ್ಟುಕೊಂಡು ಬೆಳ್ಳಗಾಗುತ್ತದೆ. ಅದನ್ನು ಉಜ್ಜಿ ಸರಿಮಾಡಲು ಆಗುವುದಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ, ಈ ಬಾಗಿಲಿನ ಗಾಜು ಪೂರ್ತಿ ಚಪ್ಪಟೆ. ಈಗಿನ ಕಾರುಗಳ ಬಾಗಿಲ ಗಾಜು ಸಾಮಾನ್ಯವಾಗಿ ಬಾಗಿರುತ್ತದೆ, ಕಾಯಿಸಿ ಗಟ್ಟಿ ಮಾಡಿದ ಟೆಂಪರ್ಡ್ ಗಾಜಾಗಿರುತ್ತದೆ. ಅದನ್ನು ಕತ್ತರಿಸಲು ಹೋದರೆ ಪುಡಿಪುಡಿ. ಚಪ್ಪಟೆ ಲ್ಯಾಮಿನೇಟೆಡ್ ಗಾಜನ್ನು ಮಾತ್ರ ಅಳತೆ ಕೊಟ್ಟರೆ ಗಾಜಿನ ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ನನ್ನ ಗಾಜು ಕತ್ತರಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಒಂದು ಕಡೆ ಗೀರಿದರು, ತಿರುಗಿಸಿ ಅದೇ ಗೆರೆಯ ಮೇಲೆ ಇನ್ನೊಂದು ಕಡೆ ಗೀರಿದರು. ಟಕ್ ಅಂತ ಎರಡೂ ಪದರ ಮುರಿದವು, ಆದರೆ ತುಂಡು ಬೇರೆಯಾಗಲಿಲ್ಲ, ಪ್ಲಾಸ್ಟಿಕ್ಕಿಗೆ ನೇತಾಡುತ್ತಿತ್ತು. ಆಮೇಲೆ ತೆಳು ಬ್ಲೇಡನ್ನು ಸೀಳಿನೊಳಗೆ ಇಳಿಸಿ ಪೊರೆ ಕೊಯ್ದು ಬಿಡಿಸಿದರು. ಅಂಚನ್ನು ಉಜ್ಜಿ ನುಣುಪು ಮಾಡಿಸಿಕೊಳ್ಳುವುದನ್ನು ಮರೆಯಬೇಡಿ. ಅರ್ಧ ಇಳಿಸಿದಾಗ ಮೇಲಿನ ಅಂಚಿನ ಮೇಲೇ ಅಲ್ವಾ ಕೈ ಇಡೋದು?

ಅಳತೆಗೆ ಹಳೇ ಗಾಜೇ ಒಳ್ಳೆಯದು, ಒಡೆದಿದ್ದರೂ ಪರವಾಗಿಲ್ಲ. ಟೇಪು ಹಚ್ಚಿ, ಪ್ಲೈವುಡ್ ಮೇಲೆ ಇಟ್ಟು ಸುತ್ತ ಗೆರೆ ಎಳೆದುಕೊಳ್ಳಿ. ಗಾಜು ಚಪ್ಪಟೆಯಾದ್ದರಿಂದ ಬಲಗಡೆಯದನ್ನು ಮಗುಚಿದರೆ ಎಡಗಡೆಯದಾಗುತ್ತದೆ, ಒಂದೇ ಅಚ್ಚು ಎರಡಕ್ಕೂ ಸಾಕು. ಕಾಲು ಇಂಚಿನ ಸುರಕ್ಷತಾ ಗಾಜನ್ನೇ ಕೇಳಿ. ಅದರ ಮೂಲೆಯಲ್ಲಿ ಎಎಸ್2 ಅಥವಾ ಎಎಸ್1 ಅನ್ನುವ ಗುರುತು ಇರಬೇಕು. ಕಿಟಕಿಗೆ ಹಾಕುವ ಮಾಮೂಲಿ ಗಾಜನ್ನು ದಯವಿಟ್ಟು ಹಾಕಬೇಡಿ. ಅದು ಒಡೆದರೆ ಚೂರಿಯ ಹಾಗೆ ಬೀಳುತ್ತದೆ.

ಈಗ ದಾರಿಯ ವಿಷಯ. ಬಾಗಿಲೊಳಗೆ ಗಾಜಿನ ಹಿಂದಿನ ಅಂಚು, ಮೇಲಿನ ಅಂಚು ಎರಡೂ ಒಂದು ಚಾನಲ್‌ನಲ್ಲಿ, ಅಂದರೆ ತಗಡಿನ ಕಿರಿದಾದ ತೋಡಿನಲ್ಲಿ, ಕೂರುತ್ತವೆ. ಮುಂದಿನ ಅಂಚು ಚಿಕ್ಕ ಗಾಜಿನ ಚೌಕಟ್ಟಿಗೆ ಸೇರಿದ ಕಂಬದ ಚಾನಲ್‌ನಲ್ಲಿ ಓಡುತ್ತದೆ. ಈ ಚಾನಲ್ಲುಗಳ ಒಳಗೆ ಮಖಮಲ್ಲಿನಂಥ ಫೆಲ್ಟ್ ಇರುತ್ತದೆ, ನಾವು ಬೀಡಿಂಗ್ ಅನ್ನುತ್ತೇವಲ್ಲ, ಅದು. ಗಾಜನ್ನು ಎರಡೂ ಕಡೆಯಿಂದ ಮೆತ್ತಗೆ ಹಿಡಿದುಕೊಳ್ಳುವುದು ಈ ಫೆಲ್ಟೇ. ನನ್ನ ಟ್ರಕ್ಕಿನಲ್ಲಿ ಅದು ಏನಾಗಿತ್ತು ಗೊತ್ತಾ? ಬೆರಳು ಇಟ್ಟರೆ ಕರಿ ಪುಡಿ ಬರುತ್ತಿತ್ತು. ಒಳಗಿನ ತಗಡು ತುಕ್ಕು ಹಿಡಿದು ಉಬ್ಬಿತ್ತು. ಉಬ್ಬಿದ ಕಡೆ ಗಾಜು ಸಿಕ್ಕಿಕೊಳ್ಳುತ್ತಿತ್ತು, ಪುಡಿಯಾದ ಕಡೆ ಬಡಿದುಕೊಳ್ಳುತ್ತಿತ್ತು. ಒಂದೇ ಬಾಗಿಲಲ್ಲಿ ಬಿಗಿಯೂ ಇದೆ, ಸಡಿಲವೂ ಇದೆ. ಆ ಗಾಜು ಸೀಳಿದ್ದೂ ಈ ಕಾರಣಕ್ಕೇ ಅಂತ ನನಗೆ ಅನ್ನಿಸುತ್ತದೆ. ಸಿಕ್ಕಿಕೊಂಡಿದ್ದಾಗ ಯಾರೋ ಹ್ಯಾಂಡಲ್ ಜೋರಾಗಿ ತಿರುಗಿಸಿರಬೇಕು.

ಎಲ್ಲಾ ಕಿತ್ತು, ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಬಳಿದೆ. ಹೊಸ ಬೀಡಿಂಗ್ ಹಾಕುವಾಗ ಮೇಲಿನ ಮೂಲೆಯಲ್ಲಿ ಅವಸರ ಮಾಡಬೇಡಿ. ಸುಮ್ನೆ ಬಗ್ಗಿಸಿದರೆ ಒಳಗೆ ಸುಕ್ಕು ಬೀಳುತ್ತದೆ, ಗಾಜು ಅಲ್ಲೇ ನಿಲ್ಲುತ್ತದೆ. ಹೊರಬದಿಯ ತಗಡಿಗೆ ಸಣ್ಣ ಕಚ್ಚು ಹಾಕಿ, ಹೆಬ್ಬೆರಳಿನಿಂದ ನಿಧಾನವಾಗಿ ಮೂಲೆಗೆ ಒತ್ತಿ ಕೂರಿಸಬೇಕು. ಸ್ಕ್ರೂಗಳ ತಲೆ ಫೆಲ್ಟಿನ ಒಳಗೆ ಪೂರ್ತಿ ಮುಳುಗಿರಬೇಕು. ಒಂದು ತಲೆ ಎದ್ದಿದ್ದರೂ ಹೊಸ ಗಾಜಿನ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ.

ಗಾಜಿನ ತಳಕ್ಕೆ ಒಂದು ಕಬ್ಬಿಣದ ಪಟ್ಟಿ ಬರುತ್ತದೆ. ಗಾಜು ಏರಿಸುವ ಮೆಷಿನ್ನಿನ ತೋಳು ಹಿಡಿಯುವುದು ಆ ಪಟ್ಟಿಯನ್ನು. ಪಟ್ಟಿ ಮತ್ತು ಗಾಜಿನ ನಡುವೆ ರಬ್ಬರ್ ಟೇಪ್ ಇಟ್ಟು ಬಿಗಿಯಾಗಿ ಕೂರಿಸಬೇಕು. ನನ್ನ ಮೊದಲ ಗಾಜು ಹೋಗಿದ್ದು ಇಲ್ಲೇ. ಟೇಪ್ ದಪ್ಪ ಜಾಸ್ತಿಯಾಗಿತ್ತು. ಕೂರಲಿಲ್ಲ ಅಂತ ಒಂದು ತುದಿಯಲ್ಲಿ ಸ್ವಲ್ಪ ಜೋರಾಗಿ ತಟ್ಟಿದೆ. ಕೂದಲೆಳೆಯಂಥ ಬಿರುಕು ತಳದಿಂದ ಹೊರಟು, ನಾನು ನೋಡುತ್ತಿದ್ದ ಹಾಗೇ ಒಂದು ಗೇಣು ಮೇಲೆ ಹೋಯಿತು. ಆ ದಿನ ಮತ್ತೆ ಬಾಗಿಲು ಮುಟ್ಟಲಿಲ್ಲ.

ಮಲಗಿದಾಗ ಅರಸೀಕೆರೆಯ ಗ್ಯಾರೇಜು ನೆನಪಾಯಿತು. ಅಪ್ಪನ ಅಂಬಾಸಿಡರ್‌ನ ಗಾಜು ತಳದ ಪಟ್ಟಿಯಿಂದ ಕಳಚಿ ಬಾಗಿಲೊಳಗೆ ಬಿದ್ದಿತ್ತು. ಗ್ಯಾರೇಜಿನ ಅಣ್ಣ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಸಾಬೂನು ನೀರಿನಲ್ಲಿ ಅದ್ದಿ, ಗಾಜಿನ ಅಂಚಿಗೆ ಹೊದಿಸಿದ್ದರು. "ಒಂದು ಪದರ ಸಾಕಾ ಎರಡು ಬೇಕಾ ಅಂತ ಮೊದಲು ಕೈಯಲ್ಲಿ ನೋಡ್ಕೋಬೇಕು ಕಣೋ ಮರಿ" ಅಂದಿದ್ದರು. ನನಗಾಗ ಹನ್ನೆರಡೋ ಹದಿಮೂರೋ ವರ್ಷ. ಟಾರ್ಚು ಹಿಡಿದು ನಿಂತಿದ್ದೆ. ಸುತ್ತಿಗೆ ಎತ್ತಲೇ ಇಲ್ಲ ಅವರು. ಗಾಜನ್ನು ಗೋಣಿಚೀಲದ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಪಟ್ಟಿಯನ್ನು ಎರಡು ಅಂಗೈಯಿಂದ ಒತ್ತಿದ್ದರು.

ಎರಡನೇ ಗಾಜಿಗೆ ನಾನೂ ಹಾಗೇ ಮಾಡಿದೆ. ಟೇಪ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ, ಮೂರು ಥರದ್ದು ತರಿಸಿದೆ. ಪಟ್ಟಿಯನ್ನು ಕೈಯಲ್ಲಿ ಒತ್ತಿದರೆ ಅರ್ಧದವರೆಗೆ ಇಳಿದು ಬಿಗಿಯಾಗಬೇಕು, ಅದು ಸರಿಯಾದ ದಪ್ಪ. ಸಾಬೂನು ನೀರು ಹಚ್ಚಿ, ಕಂಬಳಿಯ ಮೇಲೆ ಗಾಜು ತಲೆಕೆಳಗು ಮಾಡಿ, ಪಟ್ಟಿಯ ಮೇಲೆ ಮರದ ತುಂಡಿಟ್ಟು, ರಬ್ಬರ್ ಸುತ್ತಿಗೆಯಿಂದ ಆ ತುದಿಗೊಂದು ಈ ತುದಿಗೊಂದು ಸಣ್ಣ ಪೆಟ್ಟು. ಪಟ್ಟಿ ಗಾಜಿನ ಅಂಚಿನಿಂದ ಎಷ್ಟು ಒಳಗಿತ್ತು ಅಂತ ಹಳೇ ಗಾಜಿನಲ್ಲೇ ಅಳೆದು ಬರೆದಿಟ್ಟುಕೊಳ್ಳಿ. ಅದು ಅತ್ತಿತ್ತ ಆದರೆ ಗಾಜು ಓರೆಯಾಗಿ ಏರುತ್ತದೆ.

ಮೆಷಿನ್ನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೊಳೆದು, ಹಲ್ಲುಗಳಿಗೆ ಗ್ರೀಸ್ ಹಾಕಿ. ಒಳಗಿನ ಸ್ಪ್ರಿಂಗ್ ಮಾತ್ರ ಬಿಚ್ಚಲು ಹೋಗಬೇಡಿ. ಗಾಜಿನ ಭಾರ ಹೊರಲು ಅದನ್ನು ಬಿಗಿಯಾಗಿ ಸುತ್ತಿರುತ್ತಾರೆ, ಕೈ ತಪ್ಪಿದರೆ ಬೆರಳು ಹೋಗುತ್ತದೆ.

ಜೋಡಿಸುವಾಗ ಮೊದಲು ದೊಡ್ಡ ಗಾಜನ್ನು ಮೇಲಿನಿಂದ ಓರೆ ಮಾಡಿ ಬಾಗಿಲೊಳಗೆ ಪೂರ್ತಿ ಇಳಿಸಿ. ಆಮೇಲೆ ಚಿಕ್ಕ ಗಾಜಿನ ಚೌಕಟ್ಟನ್ನು ಅದರ ಜಾಗಕ್ಕೆ ತನ್ನಿ. ಸ್ಕ್ರೂ ಬಿಗಿ ಮಾಡಬೇಡಿ, ಹಿಡಿದುಕೊಳ್ಳುವಷ್ಟು ಸಾಕು. ಈಗ ಮೆಷಿನ್ ಸೇರಿಸುವ ಮುಂಚೆ ಕೈಯಿಂದಲೇ ಗಾಜು ಎತ್ತಿ ನೋಡಿ. ಎಲ್ಲರೂ ಬಿಟ್ಟುಬಿಡುವ ಕೆಲಸ ಇದು, ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ. ಗಾಜು ತಳದಿಂದ ತುದಿಯವರೆಗೂ ಒಂದೇ ಸಮನಾದ ಬಿಗಿಯಲ್ಲಿ ಏರಬೇಕು. ಎಲ್ಲಾದರೂ ತಡೆದರೆ, ಮುಂದಿನ ಕಂಬದ ಕೆಳತುದಿಯ ಸ್ಕ್ರೂ ಸಡಿಲಿಸಿ ಕಂಬವನ್ನು ಒಂದು ನೂಲು ಮುಂದಕ್ಕೆ ಸರಿಸಿ. ಅಲ್ಲಾಡಿದರೆ ಹಿಂದಕ್ಕೆ ತನ್ನಿ. ಇಳಿಸಿ, ಏರಿಸಿ, ಮತ್ತೆ ನೋಡಿ. ನನಗೆ ಇದಕ್ಕೇ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಸಂಜೆ ಹೊತ್ತಿಗೆ ಒಂದು ಸಲ ಎತ್ತಿದಾಗ ಗಾಜು ಫೆಲ್ಟಿನ ಮೇಲೆ ಸರ್ರನೆ ಹೋಗಿ ಮೇಲಿನ ಚಾನಲ್‌ಗೆ ಸದ್ದಿಲ್ಲದೆ ಸೇರಿಕೊಂಡಿತು. ಇಳಿಸಿ ಅರ್ಧಕ್ಕೆ ಬಿಟ್ಟೆ. ಅಲ್ಲೇ ನಿಂತಿತು. ಆಗ ಸ್ಕ್ರೂ ಬಿಗಿ ಮಾಡಿದೆ.

ಇನ್ನೂ ಸ್ವಲ್ಪ ಬಿಗಿ ಅನ್ನಿಸಿದರೆ ಒಣ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ, ಗ್ರೀಸು ಬೇಡ. ಫೆಲ್ಟು ಅದನ್ನು ಕುಡಿದು ಧೂಳು ಹಿಡಿದುಕೊಳ್ಳುತ್ತದೆ, ಗಾಜಿನ ಮೇಲೆ ಜಿಡ್ಡಿನ ಗೆರೆ ಎಳೆಯುತ್ತದೆ. ಕಿಟಕಿಯ ಬುಡದಲ್ಲಿ ಗಾಜಿನ ಒಳಗೆ, ಹೊರಗೆ ಬರುವ ಪಟ್ಟಿಗಳೂ ಹೊಸದಾಗಿರಲಿ. ಗಾಜು ಅರ್ಧ ಇಳಿದಿದ್ದಾಗ ಮೇಲಿನ ಚಾನಲ್‌ನ ಹಿಡಿತ ತಪ್ಪಿರುತ್ತದೆ. ಆಗ ಅದನ್ನು ಅಲ್ಲಾಡದಂತೆ ಹಿಡಿಯುವ ಭಾರ ಬಹುಪಾಲು ಇವುಗಳದ್ದೇ. ಸದ್ದು ಪರೀಕ್ಷೆ ಮಾಡುವಾಗ ಗಾಜು ಅರ್ಧ ಇಳಿಸಿಯೇ ಬಾಗಿಲು ಹಾಕಿ ನೋಡಿ.

ಇನ್ನೊಂದು ಮಾತು. ಎಷ್ಟು ಚೆನ್ನಾಗಿ ಹಾಕಿದರೂ ಮಳೆನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಸ್ವಲ್ಪ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲ ತಳದಲ್ಲಿ ತೂತುಗಳಿವೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಎರಚಿದ ಉಪ್ಪುನೀರು, ಕೆಸರು, ಎಲೆ ಸೇರಿ ಆ ತೂತುಗಳು ಮುಚ್ಚಿಹೋಗುತ್ತವೆ, ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಹೇಗೂ ಬಾಗಿಲು ಬಿಚ್ಚಿದ್ದೀರಿ, ಒಂದು ತಂತಿ ಹಾಕಿ ಕೆರೆದುಬಿಡಿ. ನನ್ನ ಬಾಗಿಲಿನಿಂದ ಒಂದು ಬೊಗಸೆ ಮಣ್ಣು ಬಂತು, ಅದರ ಜೊತೆಗೆ ಒಂದು ಹಳೇ ಪೆನ್ಸಿಲ್ ತುಂಡು.

ಇಷ್ಟೆಲ್ಲ ಮಾಡಿದ್ದು ಬಲಗಡೆಯ ಬಾಗಿಲಿಗೆ ಮಾತ್ರ. ನಾನು ಕೂರುವ ಕಡೆ ಇನ್ನೂ ಹಳೇ ಗಾಜೇ ಇದೆ, ಅಂಚು ಬೆಳ್ಳಗಿದೆ, ಗಡಗಡ ಅನ್ನುತ್ತದೆ. ಹಿಮ ಕರಗಿದ ಮೇಲೆ, ಏಪ್ರಿಲ್‌ನಲ್ಲಿ ಬಿಚ್ಚುತ್ತೇನೆ. ಅಚ್ಚು ಇದೆ, ಟೇಪ್ ಉಳಿದಿದೆ. ಗಾಜು ಇಳಿಸುವಾಗ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಕೇಳಿದವರಲ್ಲಿ ಯಾರಾದರೂ ಬರುವುದಾದರೆ, ಒಂದು ಶನಿವಾರ ಬೆಳಿಗ್ಗೆಯೇ ಬನ್ನಿ.